ತನ್ನ ಖರ್ಚನ್ನು ತಾನೇ ದುಡಿಯುವ ಉದ್ಯಾನ



ಕಾಫಿ ಮಂಡಳಿಯ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ನಮಗೆಲ್ಲ ಕಬ್ಬನ್ ಪಾರ್ಕ್ ಪರಿಚಿತವೇ. 1809ರಲ್ಲಿ ನೆಲೆಯೂರಿದ ದಂಡಿಗೂ ಹಳೆಯ ಪೇಟೆಗೂ ನಡುವೆ 1870ರಲ್ಲಿ ರೂಪುಗೊಂಡ ಈ ಉದ್ಯಾನವನ್ನು ತೋಟಗಾರಿಕೆ ಇಲಾಖೆ ಸರ್ಕಾರದ ಹಣದಿಂದ ನೋಡಿಕೊಳ್ಳುತ್ತದೆ. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ನೆಲೆ ಮಾತ್ರ ಇಂದಿಗೂ ಸೈನ್ಯದ್ದೇ. ಇಂಥ ನೆಲೆಯೊಂದು ಮುಂದೆಂದಾದರೂ ಉದ್ಯಾನವಾದರೆ ಅದರ ಖರ್ಚು ಎಲ್ಲಿಂದ ಬರಬೇಕು?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇದಕ್ಕೊಂದು ಉತ್ತರವಿದೆ. ಅಲ್ಲಿನ ಪ್ರೆಸಿಡಿಯೋ, 1776ರಲ್ಲಿ ಸ್ಪೇನಿನವರು ಹೂಡಿದ ಸೈನಿಕ ಠಾಣೆ. ವಿಸ್ತಾರ ಸುಮಾರು 1,500 ಎಕರೆ. 1994ರಲ್ಲಿ ಅದು ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಸೇರಿತು. ಜೊತೆಗೆ ನೂರಾರು ಹಳೆಯ ಕಟ್ಟಡಗಳ ದುರಸ್ತಿಯ ಹೊರೆಯೂ ಬಂತು. 1996ರಲ್ಲಿ ಅಲ್ಲಿನ ಸಂಸತ್ತು ಒಂದು ಟ್ರಸ್ಟ್ ರಚಿಸಿ, ಠಾಣೆಯ ಬಹುಭಾಗವನ್ನು ಅದಕ್ಕೆ ವಹಿಸಿ, ಕಠಿಣ ಷರತ್ತು ಹಾಕಿತು: 2013ರೊಳಗೆ ಸರ್ಕಾರದ ವಾರ್ಷಿಕ ನೆರವಿಲ್ಲದೆ ನಡೆಯಬೇಕು, ತಪ್ಪಿದರೆ ಜಾಗ ವಿಲೇವಾರಿಗೆ ಹೋಗತಕ್ಕದ್ದು.

ಟ್ರಸ್ಟ್ ನೆಲವನ್ನು ಮಾರಲಿಲ್ಲ. ಅಧಿಕಾರಿಗಳ ಹಳೆಯ ಮನೆಗಳನ್ನೂ ಬ್ಯಾರಕ್‌ಗಳನ್ನೂ ರಿಪೇರಿ ಮಾಡಿಸಿ ಬಾಡಿಗೆಗೆ ಕೊಟ್ಟಿತು. ಲೆಟರ್‌ಮನ್ ಸೈನಿಕ ಆಸ್ಪತ್ರೆಯಿದ್ದ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಅಲ್ಲಿ 2005ರಲ್ಲಿ ಚಲನಚಿತ್ರ ಸಂಸ್ಥೆಯೊಂದರ ಕಚೇರಿಗಳು ತೆರೆದವು. ಉದ್ಯಾನದೊಳಗೆ ವ್ಯಾಪಾರವೇಕೆಂದು ಆಕ್ಷೇಪಿಸಿದವರೂ ಇದ್ದರು. ಆದರೆ ಆ ಬಾಡಿಗೆಯೇ ರಸ್ತೆ, ಸೂರು, ಮರಗಳ ಪಾಲನೆಗೆ ಆಧಾರವಾಯಿತು. ಗಡುವಿನೊಳಗೆ ಟ್ರಸ್ಟ್ ತನ್ನ ಕಾಲ ಮೇಲೆ ನಿಂತಿತು.

ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿನ ನೀಲಗಿರಿ, ಪೈನ್, ಸೈಪ್ರೆಸ್ ಮರಗಳನ್ನು ಹೆಚ್ಚಾಗಿ 1880ರ ದಶಕದಿಂದಾಚೆಗೆ ಸೈನ್ಯವೇ ನೆಡಿಸಿತ್ತು. ಹೆಚ್ಚುಕಡಿಮೆ ಒಂದೇ ಪ್ರಾಯದವಾದ್ದರಿಂದ ಎಲ್ಲವೂ ಒಟ್ಟಿಗೆ ಮುದಿಯಾದವು. ಈಗ ಸಣ್ಣ ಸಣ್ಣ ತುಂಡುಗಳಲ್ಲಿ ಹಳತನ್ನು ತೆಗೆದು ಹೊಸ ಸಸಿ ನೆಡಲಾಗುತ್ತಿದೆ.

ನಾನು ಈ ವಿಷಯದಲ್ಲಿ ಎಡವಿದವನು. ಒಂದೇ ವರ್ಷ ನೆಟ್ಟ ಸಿಲ್ವರ್ ಓಕ್ ಮರಗಳನ್ನು ಒಳ್ಳೆಯ ದರ ಬಂತೆಂದು ಒಟ್ಟಿಗೆ ಕಡಿಸಿದೆ. ನೆರಳಿಲ್ಲದೆ ಕಾಫಿ ಗಿಡ ಸೊರಗಿತು. ಎರಡು ವರ್ಷ ಆ ಪಟ್ಟೆಯ ಫಸಲು ಕೂಲಿಗೂ ಸಾಲಲಿಲ್ಲ.

ಆದ್ದರಿಂದ ಸದಸ್ಯರು ಈ ಸಲ ಲೆಕ್ಕದ ಪುಸ್ತಕದಲ್ಲಿ ಎರಡು ಬಾಬ್ತು ಬರೆದಿಡಿ. ಒಂದು, ಖಾಲಿ ಬಿದ್ದಿರುವ ಲೈನ್ ಮನೆ, ಕಣ, ಉಗ್ರಾಣಗಳಿಂದ ಏನು ಆದಾಯ ಬಂದೀತು? ಎರಡು, ಆ ಆದಾಯದಲ್ಲಿ ನೆರಳು ಮರಕ್ಕೂ ಅಡಿಕೆಯ ಎಡೆಸಸಿಗೂ ಪ್ರತಿ ವರ್ಷ ಎಷ್ಟು ತೆಗೆದಿಡಬಹುದು? ಸಹಾಯಧನ ಬಂದರೆ ಬರಲಿ. ತೋಟ ಅದನ್ನೇ ನಂಬಿ ನಿಲ್ಲಬಾರದು.

– ಕಾರ್ಯದರ್ಶಿ