ಕರುಳಿಗೂ ಊಟ ಬೇಕು

ನಮ್ಮ ಕಲಿಕಾ ಕೇಂದ್ರದಲ್ಲಿ ಹದಿನೆಂಟು ಜನ ಹೆಂಗಸರು ಓದುತ್ತೇವೆ. ಎಲ್ಲರಿಗಿಂತ ಹಿರಿಯರು ದೊಡ್ಡಮ್ಮ. ಅವರು ಒಂದು ದಿನವೂ ಪಾಠ ತಪ್ಪಿಸಿದವರಲ್ಲ. ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಅವರು ಬರುವುದು ನಿಂತಿತು. ನಾವು ನಾಲ್ಕು ಜನ ಅವರ ಮನೆಗೆ ಹೋದೆವು. ದೊಡ್ಡಮ್ಮ ಬಿಳುಚಿಕೊಂಡು ಗೋಡೆಗೆ ಒರಗಿ ಕೂತಿದ್ದರು.

"ಯಾಕ್ ದೊಡ್ಡಮ್ಮ, ಹಿಂಗಾಗಿದ್ದೀಯಾ?" ಎಂದು ಕೇಳಿದೆವು.

"ಎಂಟು ತಿಂಗಳಿಂದ ಹೊರಕಡೆಗೆ ಹೋದಾಗ ರಕ್ತ ಬೀಳ್ತದೆ ಕಣವ್ವ. ಮೂಲವ್ಯಾಧಿ ಅಂದ್ಕೊಂಡು ಅಂಗಡಿ ಮಾತ್ರೆ ನುಂಗ್ತಾ ಇದ್ದೆ. ಇದನ್ನ ಯಾರ ಹತ್ರ ಹೇಳ್ಲಿ? ನಾಚ್ಕೆ" ಅಂದರು.

ಮಾರನೇ ದಿನವೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟು ಇತ್ತು. ಆಪರೇಷನ್ ಆಯಿತು.

ಆಮೇಲೆ ನಮಗೆಲ್ಲ ಒಂದೇ ಪ್ರಶ್ನೆ. ಇದು ಯಾಕೆ ಬರುತ್ತೆ? ಒಂದು ಸಂಜೆ ಆಸ್ಪತ್ರೆಯ ಸಿಸ್ಟರ್ ಕೇಂದ್ರಕ್ಕೆ ಬಂದರು. ಅವರು ಹೇಳಿದ್ದನ್ನೂ ನಾವು ಕೇಳಿದ್ದನ್ನೂ ಇಲ್ಲಿ ಬರೆದಿದ್ದೇವೆ.

ನಾವು ಉಂಡ ಅನ್ನ ಜಠರದಿಂದ ಸಣ್ಣ ಕರುಳಿಗೆ ಹೋಗುತ್ತದೆ. ಅದರ ಉದ್ದ ಸುಮಾರು 20 ಅಡಿ. ಊಟದ ಸಾರ ಹೆಚ್ಚಾಗಿ ಅಲ್ಲೇ ರಕ್ತಕ್ಕೆ ಸೇರುತ್ತದೆ. ನಮ್ಮಿಂದ ಅರಗಿಸಲು ಆಗದ್ದು ನಾರು. ಸೊಪ್ಪು, ಕಾಳು, ಧಾನ್ಯದ ಹೊಟ್ಟು, ಇವುಗಳಲ್ಲಿ ನಾರು ಇದೆ. ಅದು ಮುಂದೆ ದೊಡ್ಡ ಕರುಳಿಗೆ ಇಳಿಯುತ್ತದೆ. ದೊಡ್ಡ ಕರುಳು ಸುಮಾರು 5 ಅಡಿ.

ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇವೆ. ಇವೇ ಬ್ಯಾಕ್ಟೀರಿಯಾ. ನೂರಾರು ಬಗೆ, ಲಕ್ಷ ಕೋಟಿ ಲೆಕ್ಕದಲ್ಲಿ! ನಾವು ಹೆದರಿಕೊಂಡೆವು. ಸಿಸ್ಟರ್ ನಕ್ಕರು. "ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಮೊಸರು ಮಾಡೋದು ಯಾರು? ಬ್ಯಾಕ್ಟೀರಿಯಾನೇ. ಎತ್ತು ಬರೀ ಹುಲ್ಲು ತಿಂದು ಗೇಯುತ್ತೆ. ಅದರ ಹೊಟ್ಟೇಲೂ ಇಂಥ ಜೀವಿಗಳೇ ಹುಲ್ಲು ಕರಗಿಸೋದು" ಎಂದರು.

ನಮ್ಮ ಕರುಳಿನ ಜೀವಿಗಳು ನಾರನ್ನು ಹುಳಿಸುತ್ತವೆ. ಆಗ ಬ್ಯುಟಿರೇಟ್ ಎಂಬ ಪದಾರ್ಥ ಹುಟ್ಟುತ್ತದೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಮುಖ್ಯ ಊಟ. ಅದು ಸಿಕ್ಕರೆ ಒಳಪದರ ಗಟ್ಟಿಯಾಗಿ ಇರುತ್ತದೆ. ಉರಿಯೂತ ಕಡಿಮೆ ಆಗುತ್ತದೆ. ನಾರು ಇಲ್ಲದಿದ್ದರೆ ಕೆಲವು ಜೀವಿಗಳು ಕರುಳನ್ನು ಕಾಯುವ ಲೋಳೆಯನ್ನೇ ತಿನ್ನಲು ಶುರು ಮಾಡುತ್ತವೆ. ಇದನ್ನು ಇಲಿಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಹಸಿದ ಆಳು ಬಿತ್ತನೆ ಬೀಜವನ್ನೇ ತಿಂದ ಹಾಗೆ!

ಮನುಷ್ಯರಲ್ಲೂ ನೋಡಿದ್ದಾರೆ. 2015ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಇದ್ದವರು ದಕ್ಷಿಣ ಆಫ್ರಿಕಾದ ಹಳ್ಳಿಯ 20 ಜನ, ಅಮೆರಿಕದ ಆಫ್ರಿಕಾ ಮೂಲದ 20 ಜನ. ಹಳ್ಳಿಯವರು ಮೆಕ್ಕೆಜೋಳದ ಗಂಜಿ, ಕಾಳು ತಿನ್ನುವವರು. ಅವರಲ್ಲಿ ಈ ಕ್ಯಾನ್ಸರ್ ಬಲು ಕಡಿಮೆ. ಅಮೆರಿಕದವರ ಊಟದಲ್ಲಿ ಮಾಂಸ, ಕೊಬ್ಬು ಜಾಸ್ತಿ. ಅವರಲ್ಲಿ ಕ್ಯಾನ್ಸರ್ ಹೆಚ್ಚು. ಎರಡು ವಾರ ಇಬ್ಬರ ಊಟವನ್ನೂ ಅದಲು ಬದಲು ಮಾಡಿದರು. ಅಷ್ಟರಲ್ಲೇ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತ ಇಳಿಯಿತು. ಹಳ್ಳಿಯವರಲ್ಲಿ ಬ್ಯುಟಿರೇಟ್ ಇಳಿಯಿತು, ಉರಿಯೂತ ಏರಿತು. ಎರಡು ವಾರಕ್ಕೆ ಕ್ಯಾನ್ಸರ್ ಬರುವುದಿಲ್ಲ, ಹೋಗುವುದೂ ಇಲ್ಲ. ಆದರೆ ಕರುಳು ಎಷ್ಟು ಬೇಗ ಬದಲಾಗುತ್ತದೆ ಎಂದು ಇದರಿಂದ ತಿಳಿಯಿತು.

ಈಗ ನಮ್ಮ ಅಡಿಗೆ ಮನೆಗೆ ಬರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ. ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾವೋ, ರಾಗಿ ಹಿಟ್ಟನ್ನು ಜರಡಿ ಹಿಡಿದು ಹೊಟ್ಟನ್ನು ದನಕ್ಕೆ ಹಾಕುತ್ತೇವೆ. ಮುದ್ದೆ ನುಣ್ಣಗೆ ಬರಬೇಕಲ್ಲ! ಬೆರಕೆ ಸೊಪ್ಪು, ಹುರುಳಿ, ಅಲಸಂದೆ, ಅವರೆಕಾಳು, ಇವೆಲ್ಲ ನಮ್ಮ ಹೊಲದಲ್ಲೇ ಬೆಳೆಯುತ್ತವೆ.

ಇನ್ನೊಂದು ಮಾತು. ಗಂಡಸರು, ಮಕ್ಕಳು ಉಂಡ ಮೇಲೆ ನಾವು ಕೂರುತ್ತೇವೆ. ಅಷ್ಟರಲ್ಲಿ ಪಲ್ಯದ ಪಾತ್ರೆ ಖಾಲಿ. ಉಳಿದ ಅನ್ನಕ್ಕೆ ತಿಳಿ ಸಾರು ಹಾಕಿಕೊಂಡು ಎದ್ದು ಬಿಡುತ್ತೇವೆ. ನಮ್ಮ ಪಾಲಿನ ಪಲ್ಯವನ್ನು ಮೊದಲೇ ಎತ್ತಿಡಬೇಕು ಎಂದು ಅವತ್ತು ತೀರ್ಮಾನ ಮಾಡಿದೆವು. ಕೆಲವರ ಮನೆಯಲ್ಲಿ ಮಾತು ಬಂತು. ಬರಲಿ.

ನಾರು ಒಮ್ಮೆಗೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ನಿಧಾನವಾಗಿ ಹೆಚ್ಚಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು.

ಆಗ ನಮ್ಮಲ್ಲಿ ಒಬ್ಬಳು ಕೇಳಿದಳು. "ದೊಡ್ಡಮ್ಮ ಹುಟ್ಟಿದಾಗಿಂದ ಮುದ್ದೆ ತಿಂದವರು. ಅವರಿಗ್ಯಾಕೆ ಬಂತು ಸಿಸ್ಟರ್?"

ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಊಟ ಅಪಾಯ ಕಡಿಮೆ ಮಾಡುತ್ತೆ. ಪೂರ್ತಿ ಇಲ್ಲ ಅನ್ನಿಸಲ್ಲ. ವಯಸ್ಸು, ವಂಶ, ಬೀಡಿ, ಕುಡಿತ, ಇವೂ ಕಾರಣ. ಯಾವ ಕಾರಣಾನೂ ಕಾಣದೆ ಬರೋದೂ ಉಂಟು. ಅದು ಅವರ ತಪ್ಪಲ್ಲ" ಎಂದರು.

ಈ ಕ್ಯಾನ್ಸರ್ ಹೆಚ್ಚಾಗಿ ಒಂದು ಸಣ್ಣ ಗಂಟಿನಿಂದ ಶುರುವಾಗುತ್ತದೆ. ಅದು ಕ್ಯಾನ್ಸರ್ ಆಗಲು ಎಷ್ಟೋ ವರ್ಷ ಬೇಕು. ಹಿಂದುಗಡೆಯಿಂದ ಕೊಳವೆ ಹಾಕಿ ನೋಡಿ, ಆ ಗಂಟನ್ನು ಮೊದಲೇ ತೆಗೆಯಬಹುದು. ಆದ್ದರಿಂದ ಮಲದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಬೇಕು. ಹೊರಕಡೆಗೆ ಹೋಗುವ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಇದ್ದರೂ ತೋರಿಸಬೇಕು. ಸುಮ್ಮ ಸುಮ್ಮನೆ ತೂಕ ಇಳಿದರೆ, ರಕ್ತ ಕಡಿಮೆಯಾಗಿ ಸುಸ್ತಾದರೆ ಕೂಡ. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಮಾತ್ರೆ ಅಂಗಡಿಯವನಲ್ಲ.

ದೊಡ್ಡಮ್ಮ ಈಗ ಮತ್ತೆ ಪಾಠಕ್ಕೆ ಬರುತ್ತಾರೆ. ಮೊನ್ನೆ ಆಸ್ಪತ್ರೆ ಚೀಟಿಯನ್ನು ದೀಪದ ಹತ್ತಿರ ಹಿಡಿದು, ಮುಂದಿನ ತಪಾಸಣೆಯ ತಾರೀಕನ್ನು ತಾವೇ ಓದಿದರು. "ಹದಿನಾಲ್ಕು, ಸೋಮವಾರ. ಯಾರು ಬರ್ತೀರಾ ನನ್ನ ಜೊತೆ?" ಅಂದರು. ನಾವು ಮೂರು ಜನ ಹೋಗುತ್ತಿದ್ದೇವೆ.