ಪಕ್ಕದ ಹೊಲಕ್ಕೆ ಪರಿಹಾರ ಬಂತು, ನಮಗೇಕಿಲ್ಲ?

ಮಳೆ ಕೈಕೊಟ್ಟಿದ್ದು ಇಡೀ ಊರಿಗೆ. ಆದರೆ ಬದುವಿನಾಚೆಯವರ ಖಾತೆಗೆ ಬೆಳೆ ಪರಿಹಾರ ಜಮೆಯಾಗಿದೆ, ಈಚೆಯವರಿಗೆ ಬಿಡಿಗಾಸೂ ಇಲ್ಲ. ಅರಳಿಕಟ್ಟೆಯ ಮೇಲೆ ಇದಕ್ಕೆ ನೂರು ರಾಜಕೀಯ ಕಾರಣ ಕೇಳಬಹುದು. ಮೊದಲು ನೋಡಬೇಕಾದ್ದು ನಮ್ಮದೇ ಕಾಗದಪತ್ರ.

ಯಾರಿಗೆ, ಎಷ್ಟು?

ಕಡತದಲ್ಲಿ ಈ ಹಣದ ಹೆಸರು ‘ಇನ್‌ಪುಟ್ ಸಬ್ಸಿಡಿ’. ಮತ್ತೆ ಬಿತ್ತಲು ಕೊಡುವ ಕೈಆಸರೆ ಇದು. ಹಾಳಾದ ಬೆಳೆಯ ಪೂರ್ತಿ ಬೆಲೆ ಇದರಿಂದ ಹುಟ್ಟುವುದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಇರುವ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಕೊಡಲಾಗುತ್ತದೆ. ಬೆಳೆ ಕನಿಷ್ಠ ಶೇ 33ರಷ್ಟು ಹಾನಿಯಾಗಿರಬೇಕು. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೆಕ್ಟೇರಿಗೆ ಹೀಗಿದೆ:

• ಮಳೆಯಾಶ್ರಿತ ಬೆಳೆ: ₹8,500
• ನೀರಾವರಿ ಬೆಳೆ: ₹17,000
• ಬಹುವಾರ್ಷಿಕ ಬೆಳೆ: ₹22,500

ಮಿತಿ ಎರಡು ಹೆಕ್ಟೇರ್, ಅಂದರೆ ಐದು ಎಕರೆಗೆ ತುಸು ಕಡಿಮೆ. ಹತ್ತು ಎಕರೆ ರಾಗಿ ಒಣಗಿದರೂ ಈ ಲೆಕ್ಕದಲ್ಲಿ ₹17,000 ಮೀರದು. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಕೊಡುವುದೂ ಉಂಟು.

ಹಣ ಎಲ್ಲಿ ನಿಂತಿದೆ?

ಪಹಣಿ: ತೀರಿಕೊಂಡ ತಂದೆಯ ಹೆಸರೇ ಇನ್ನೂ ಇದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ಪೌತಿ ಖಾತೆ ಮಾಡಿಸಿಕೊಳ್ಳಿ.

ಎಫ್‌ಐಡಿ: ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ನಾಲ್ಕು ಸರ್ವೆ ನಂಬರಿನ ಪೈಕಿ ಮೂರನ್ನಷ್ಟೇ ಸೇರಿಸಿದ್ದರೆ ನಾಲ್ಕನೆಯದು ಲೆಕ್ಕಕ್ಕಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸೇರಿಸಬಹುದು.

ಬೆಳೆ ಸಮೀಕ್ಷೆ: ಹೊಲದಲ್ಲಿ ತೊಗರಿ, ದಾಖಲೆಯಲ್ಲಿ ‘ಬೀಳು’ ಎಂದಿದ್ದರೆ ಪರಿಹಾರ ಬಾರದು. ‘ಬೆಳೆ ದರ್ಶಕ’ ಆಪ್‌ನಲ್ಲಿ ನೋಡಿ, ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ.

ಬ್ಯಾಂಕ್: ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾವಾಗಲೋ ತೆರೆದು ಮರೆತ ಖಾತೆಯಲ್ಲಿ ಅದು ಕೂತಿರಬಹುದು. 2024ರ ಬರ ಪರಿಹಾರವನ್ನು ಸಾಲಕ್ಕೆ ಮುರಿದುಕೊಳ್ಳಬಾರದೆಂದು ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ಹಾಗೆ ಮುರಿದುಕೊಂಡರೆ ಲಿಖಿತ ದೂರು ಕೊಡಿ.

ದಾಖಲೆ ಸರಿಯಿದ್ದೂ ಬಾರದಿದ್ದರೆ

ತಹಶೀಲ್ದಾರರಿಗೆ ಅರ್ಜಿ ಬರೆಯಿರಿ. ಸರ್ವೆ ನಂಬರ್, ವಿಸ್ತೀರ್ಣ, ಬೆಳೆ, ಎಫ್‌ಐಡಿ ನಮೂದಿಸಿ, ಪಹಣಿ ಮತ್ತು ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಕಡತವೇ ಹುಟ್ಟುವುದಿಲ್ಲ.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರದಂತೆ. ‘ಯಾಕೆ ಕೊಟ್ಟಿಲ್ಲ’ ಎಂದು ಬರೆಯುವ ಬದಲು, ನಿಮ್ಮ ಸರ್ವೆ ನಂಬರಿನ ಹಾನಿ ಸಮೀಕ್ಷಾ ವರದಿ ಹಾಗೂ ಪಾವತಿ ವಿವರದ ನಕಲು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಇಲ್ಲವಾದರೆ ಇನ್ನು 30 ದಿನದೊಳಗೆ ಮೊದಲ ಮೇಲ್ಮನವಿ. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಇದೇ ಕಾಯ್ದೆಯ 4(1)(ಬಿ) ಪ್ರಕಾರ ಸಬ್ಸಿಡಿಯ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಯಾರೂ ಕೇಳದೆಯೇ ಇಲಾಖೆ ಪ್ರಕಟಿಸಬೇಕು. ಹಾಗಾಗಿ ಪಟ್ಟಿ ತೋರಿಸಿ ಎನ್ನಲು ಅಳುಕು ಬೇಡ. ಮುಂದಿನ ಮುಂಗಾರಿಗೆ ಬೀಜ ತರಲು ಹೋಬಳಿಗೆ ಹೋದಾಗ ಪಹಣಿ, ಎಫ್‌ಐಡಿಗಳನ್ನೂ ಒಮ್ಮೆ ತಾಳೆ ನೋಡಿಕೊಂಡು ಬನ್ನಿ.