ಬಿದ್ದ ಹರಳಿಗೂ ವಾರಸುದಾರರಿದ್ದಾರೆ

ಕೂಜಿಮಲೆ, ಸುಟ್ಟತ್‌ಮಲೆ, ಭಾಗಮಂಡಲದ ಕಡೆಯ ನಿಶಾನೆಮೊಟ್ಟೆ. ಕೊಡಗಿನ ಈ ಕಾಡುಗುಡ್ಡಗಳ ಹೆಸರು ಪತ್ರಿಕೆಗೆ ಬರುವುದು ಹೆಚ್ಚಾಗಿ ಕೆಂಪು ಹರಳುಕಲ್ಲಿನ ವಿಷಯಕ್ಕೇ. ಕದ್ದು ಗುಂಡಿ ತೋಡುವವರು ಸಿಕ್ಕಿಬಿದ್ದ ಸುದ್ದಿ ಬಂದು ಹೋಗುತ್ತದೆ, ಆಮೇಲೆ ಮರೆತೂ ಹೋಗುತ್ತದೆ. ಆದರೆ ಆ ಸುದ್ದಿ ಓದಿ ಕುತೂಹಲ ಹುಟ್ಟಿಸಿಕೊಳ್ಳುವವರು ಬೇರೆ ಇದ್ದಾರೆ. ಚಾರಣಿಗರು, ಭೂವಿಜ್ಞಾನದ ವಿದ್ಯಾರ್ಥಿಗಳು, ಮನೆಯ ಶೋಕೇಸಿನಲ್ಲಿ ಬಗೆಬಗೆಯ ಕಲ್ಲು ಜೋಡಿಸಿಡುವ ಹವ್ಯಾಸಿಗಳು. ಇವರೆಲ್ಲ ಕೇಳುವುದು ಒಂದೇ ಮಾತು: ‘ನಾವು ಅಗೆಯುವುದಿಲ್ಲ, ಮಾರುವುದಿಲ್ಲ. ಯಾರೋ ತೋಡಿ ಬಿಟ್ಟ ಹಳೆಯ ಗುಂಡಿಯ ಪಕ್ಕ ಬಿದ್ದದ್ದೊಂದನ್ನು ಎತ್ತಿಕೊಂಡರೆ ಏನಾಯಿತು?’

ಅದಕ್ಕೆ ಕಾನೂನಿನಲ್ಲಿರುವ ಉತ್ತರ ಹೆಚ್ಚಿನವರು ಅಂದುಕೊಂಡಿದ್ದಕ್ಕಿಂತ ಬಿಗಿಯಾಗಿದೆ.

ಮೊದಲು ಸ್ವಂತ ಜಮೀನಿನ ಮಾತು. ಪಹಣಿಯಲ್ಲಿ ನಮ್ಮ ಹೆಸರಿದ್ದ ಮಾತ್ರಕ್ಕೆ ನೆಲದೊಳಗಿನ ಖನಿಜ ನಮ್ಮದಾಗುವುದಿಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 70ನೇ ಕಲಂ ಗಣಿ, ಖನಿಜ ಮತ್ತು ಖನಿಜೋತ್ಪನ್ನಗಳ ಹಕ್ಕನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಹಿಂದಿನ ಕಾನೂನಿನಲ್ಲೋ ಮಂಜೂರಾತಿ ಪತ್ರದಲ್ಲೋ ಬೇರೆ ಥರ ಬರೆದಿದ್ದರೆ ಮಾತ್ರ ವಿನಾಯಿತಿ. ಕೇರಳದ ಮಲಬಾರಿನ ಜನ್ಮಿ ಭೂಮಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ನೆಲದೊಡೆಯನಿಗೇ ಕೆಳಗಿನ ಖನಿಜವೂ ಸೇರುತ್ತದೆ ಎಂದು ಹೇಳಿದ್ದುಂಟು. ಆ ತೀರ್ಪನ್ನು ಹಿಡಿದುಕೊಂಡು ನಮ್ಮ ತೋಟದಲ್ಲೂ ಹಾಗೇ ಎಂದು ವಾದಿಸುವವರು 70ನೇ ಕಲಂ ಒಮ್ಮೆ ಓದಬೇಕು. ಇನ್ನು ಮಲಬಾರಿನಲ್ಲಿ ಖನಿಜದ ಮಾಲೀಕತ್ವ ಸಿಕ್ಕವರೂ ಪರವಾನಗಿ ಇಲ್ಲದೆ ಗಣಿ ತೆಗೆಯುವ ಹಾಗಿಲ್ಲ.

ಯಾಕೆಂದರೆ ಅದರ ಮೇಲೊಂದು ಕೇಂದ್ರ ಕಾನೂನಿದೆ: ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ 1957. ಇದರ 4ನೇ ಕಲಮಿನ ಪ್ರಕಾರ ಪರವಾನಗಿ ಅಥವಾ ಗುತ್ತಿಗೆ ಇಲ್ಲದೆ ಖನಿಜ ಹುಡುಕುವುದು, ತೆಗೆಯುವುದು, ಸಾಗಿಸುವುದು, ದಾಸ್ತಾನು ಮಾಡುವುದು ಎಲ್ಲಕ್ಕೂ ನಿಷೇಧ. 21ನೇ ಕಲಮಿನಡಿ ಶಿಕ್ಷೆ ಐದು ವರ್ಷದವರೆಗೆ ಜೈಲು, ಜೊತೆಗೆ ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ. ಕಲ್ಲು, ಹಾರೆ ಗುದ್ದಲಿ, ತಂದ ವಾಹನ ಇವೆಲ್ಲ ಜಪ್ತಿಗೆ ಒಳಗಾಗುತ್ತವೆ.

‘ಅಗೆಯಲಿಲ್ಲ, ಆರಿಸಿಕೊಂಡೆ ಅಷ್ಟೆ’ ಎಂಬ ಮಾತು ಇಲ್ಲಿ ನಡೆಯುವುದು ಕಷ್ಟ. ಉತ್ತರ ಪ್ರದೇಶದಲ್ಲಿ ಯಮುನೆ ತಂದು ಹರಡಿದ ಮರಳಿನ ವಿಚಾರವಾಗಿ 1976ರಲ್ಲಿ ಭಗವಾನ್ ದಾಸ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಖನಿಜವೆಂದರೆ ಭೂಮಿಯ ಆಳದಲ್ಲೇ ಇರಬೇಕೆಂದಿಲ್ಲ, ಮೇಲೆ ಬಿದ್ದದ್ದೂ ಖನಿಜವೇ, ಅದನ್ನು ತೆಗೆಯುವುದೂ ಗಣಿಗಾರಿಕೆಯೇ ಎಂದು ಕೋರ್ಟ್ ಹೇಳಿತು. ಕುರುಂದ, ಅಗೇಟ್, ಜಾಸ್ಪರ್‌ಗಳಂಥ ಹರಳಿನ ಕಲ್ಲುಗಳು 2015ರಿಂದ ಉಪಖನಿಜದ ಪಟ್ಟಿಯಲ್ಲಿವೆ. ಕೆಂಪು (ಮಾಣಿಕ್ಯ), ನೀಲ ಎಂದು ನಾವು ಕರೆಯುವುದೂ ಕುರುಂದದ ಜಾತಿಯನ್ನೇ. ಉಪಖನಿಜವೆಂದರೆ ನಿಯಮ ಮಾಡುವ ಅಧಿಕಾರ ರಾಜ್ಯದ್ದು ಎಂದರ್ಥವೇ ಹೊರತು ಯಾರು ಬೇಕಾದರೂ ಒಯ್ಯಬಹುದು ಎಂದಲ್ಲ. 4ನೇ ಕಲಂ ಅವುಗಳಿಗೂ ಅನ್ವಯಿಸುತ್ತದೆ. ಸರ್ಕಾರದ ನೆಲದಿಂದ ಖನಿಜ ಒಯ್ದರೆ ಕಳ್ಳತನದ ಕೇಸನ್ನೂ ಪ್ರತ್ಯೇಕವಾಗಿ ಹಾಕಬಹುದು ಎಂದು 2014ರಲ್ಲಿ ಸಂಜಯ್ ಪ್ರಕರಣದ ತೀರ್ಪು ಬಂದಿದೆ.

ಕಾಡಿನೊಳಗೆ ಕಾಲಿಟ್ಟರೆ ಲೆಕ್ಕವೇ ಬೇರೆ. ಕರ್ನಾಟಕ ಅರಣ್ಯ ಅಧಿನಿಯಮ 1963ರಲ್ಲಿ ‘ಅರಣ್ಯ ಉತ್ಪನ್ನ’ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಮರ, ಜೇನು, ಸೀಗೆಕಾಯಿಗಳ ಜೊತೆಗೆ ಮೇಲ್ಮಣ್ಣು, ಬಂಡೆ, ಖನಿಜಗಳೂ ಸೇರಿವೆ. ಮೀಸಲು ಅರಣ್ಯದಿಂದ ಹರಳು ತಂದವನ ಮೇಲೆ ಮರ ಕಡಿದವನ ಮೇಲೆ ಹಾಕುವ ಕಾಯ್ದೆಯಲ್ಲೇ ಕೇಸು ಬೀಳುತ್ತದೆ. ಅದು ವನ್ಯಜೀವಿಧಾಮವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಬರುತ್ತದೆ. ಅದರ 27ನೇ ಕಲಂ ಅನುಮತಿಯಿಲ್ಲದ ಪ್ರವೇಶವನ್ನೇ ತಡೆಯುತ್ತದೆ, 29ನೇ ಕಲಂ ಅರಣ್ಯ ಉತ್ಪನ್ನ ಹೊರಗೆ ಒಯ್ಯುವುದನ್ನು ತಡೆಯುತ್ತದೆ. ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. ಅಲ್ಲಿಗೆ ಚಾರಣ ಹೋಗುವವರು ಅರಣ್ಯ ಇಲಾಖೆಯ ಆನ್‌ಲೈನ್ ತಾಣದಲ್ಲಿ ಮುಂಗಡ ಟಿಕೆಟ್ ಪಡೆಯಬೇಕು. ಆ ಟಿಕೆಟ್ಟು ಗೊತ್ತುಮಾಡಿದ ದಾರಿಗೆ, ಗೊತ್ತುಮಾಡಿದ ದಿನಕ್ಕೆ ಮಾತ್ರ. ದಾರಿ ಬಿಟ್ಟು ಹರಳಿನ ಗುಂಡಿ ನೋಡಲು ಹೊರಟರೆ ಕಿಸೆಯಲ್ಲಿ ಕಲ್ಲಿಲ್ಲದಿದ್ದರೂ ತಪ್ಪೇ. ಕಾಲೇಜಿನ ತಂಡ ಅಧ್ಯಯನಕ್ಕೆ ಹೋಗುವುದಾದರೆ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಒಳಗೆ ಹೋಗುವ ಅನುಮತಿಯೇ ಬೇರೆ, ಕಲ್ಲು ಹೊರತರುವ ಅನುಮತಿಯೇ ಬೇರೆ. ಇದನ್ನು ಅಧ್ಯಾಪಕರು ಹೊರಡುವ ಮೊದಲೇ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕು. ಕಾಡಿನಲ್ಲೇ ತಲೆಮಾರುಗಳಿಂದ ಬದುಕಿದವರಿಗೂ ಇಲ್ಲಿ ರಿಯಾಯಿತಿ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಿದೆ ನಿಜ, ಆದರೆ ಅದರ ಪ್ರಕಾರ ಕಿರು ಉತ್ಪನ್ನವೆಂದರೆ ಸಸ್ಯಮೂಲದ್ದು ಮಾತ್ರ. ಗುಂಡಿ ತೋಡಿಸುವ ದಲ್ಲಾಳಿಗಳು ಈ ಮಾತನ್ನು ಹಾಡಿಯ ಜನರಿಗೆ ಹೇಳುವುದಿಲ್ಲ. ಕೂಲಿಗೆ ಹೋಗಿ ಮಣ್ಣು ತೋಡಿದವನು ಜೈಲಿಗೆ, ಹರಳು ಕೊಂಡವನು ಮನೆಗೆ ಎಂದಾಗುವುದು ನನಗೆ ತುಂಬ ನೋವು ಕೊಡುವ ಸಂಗತಿ.

ಕಾಡಲ್ಲದ ಕಡೆ ಹಳೆಯ ಗಣಿ ಕಂಡರೆ? ಪಾಳುಬಿದ್ದಿದೆ ಎಂದರೆ ವಾರಸುದಾರರಿಲ್ಲ ಎಂದಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದ್ದರೂ ಅದು ಯಾರಿಗೂ ಸೇರದ ಬಯಲಾಗಲಿಲ್ಲ. ಮೊದಲು ನಿಂತ ಜಾಗ ಯಾರದೆಂದು ನೋಡಿ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಸರ್ವೆ ನಂಬರ್ ತಿಳಿಯುತ್ತದೆ, ಭೂಮಿ ತಾಣದಲ್ಲಿ ಆ ನಂಬರಿನ ಪಹಣಿ ಸಿಗುತ್ತದೆ. ಗುತ್ತಿಗೆ ಇದೆಯೋ ಇಲ್ಲವೋ ಎಂಬುದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿ ಹೇಳಬೇಕು. ಬಾಯಿಮಾತಿನಲ್ಲಿ ಹೇಳದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ‘ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಗಣಿ ಗುತ್ತಿಗೆ ಚಾಲ್ತಿಯಲ್ಲಿದೆಯೇ, ಇದ್ದರೆ ಯಾರ ಹೆಸರಿಗೆ, ಯಾವ ಖನಿಜಕ್ಕೆ, ಯಾವ ದಿನಾಂಕದವರೆಗೆ’ ಎಂದು ಚುಟುಕಾಗಿ ಕೇಳಿದರೆ ಸಾಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಗುತ್ತಿಗೆದಾರರಿದ್ದರೆ ಅವರ ಲಿಖಿತ ಒಪ್ಪಿಗೆ ಪಡೆದು, ಅವರ ಮೇಲ್ವಿಚಾರಕರ ಜೊತೆಗೇ ಒಳಗೆ ಹೋಗಿ. ಹಳೆಯ ಗುಂಡಿಯ ಅಂಚು ಮಳೆಗಾಲದಲ್ಲಿ ಕಾಲಿಟ್ಟಲ್ಲೇ ಕುಸಿಯುತ್ತದೆ, ಸುರಂಗದೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಗಣಿಯಲ್ಲಿ ಹಳೆಯ ನಾಣ್ಯವೋ ಒಡವೆಯೋ ಸಿಕ್ಕಿದರೆ ಅದಕ್ಕೆ ನಿಧಿಯ ಕಾನೂನು ಬೇರೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು.

ಗಾರ್ಡ್ ಅಥವಾ ಪೊಲೀಸರು ತಡೆದರೆ ಓಡಬೇಡಿ, ಕಲ್ಲನ್ನು ಪೊದೆಗೆ ಎಸೆಯಬೇಡಿ. ಗುರುತಿನ ಚೀಟಿ ಕೇಳುವುದು ನಿಮ್ಮ ಹಕ್ಕು, ನಿಮ್ಮದನ್ನು ತೋರಿಸುವುದೂ ಒಳ್ಳೆಯದು. ಜಪ್ತಿ ಮಾಡಿದರೆ ಮಹಜರು ಬರೆಯಬೇಕು. ಎಷ್ಟು ಕಲ್ಲು, ಎಂಥ ಬಣ್ಣ, ಎಷ್ಟು ತೂಕ, ಎಲ್ಲಿ ಸಿಕ್ಕಿತು ಎಂಬುದು ಅದರಲ್ಲಿರಲಿ. ಪೂರ್ತಿ ಓದಿ ಸಹಿ ಹಾಕಿ, ಖಾಲಿ ಹಾಳೆಗೆ ಯಾವ ಕಾರಣಕ್ಕೂ ಬೇಡ. ಎರಡು ಹರಳು ಎರಡು ಕಿಲೋ ಆಗುವುದು ಓದದೆ ಹಾಕಿದ ಸಹಿಯಿಂದಲೇ. ಸ್ಥಳದಲ್ಲೇ ದಂಡ ಕಟ್ಟಿ ಹೋಗಿ ಎಂದರೆ ಯಾವ ಕಲಮಿನಡಿ ಎಂದು ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಇಟ್ಟುಕೊಳ್ಳಲು ಆಗದಿದ್ದರೆ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

ಅಕ್ರಮವಾಗಿ ಅಗೆಯುವುದು ನಿಮ್ಮ ಕಣ್ಣಿಗೆ ಬಿದ್ದರೆ ನೀವೇ ಕೋರ್ಟಿಗೆ ಹೋಗಿ 1957ರ ಕಾಯ್ದೆಯಡಿ ಕೇಸು ಹಾಕಲಾಗದು. 22ನೇ ಕಲಮಿನಡಿ ಸರ್ಕಾರ ಅಧಿಕಾರ ಕೊಟ್ಟವರು ಲಿಖಿತ ದೂರು ಕೊಟ್ಟರೆ ಮಾತ್ರ ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳುತ್ತದೆ. ನೀವು ಜಿಲ್ಲಾಧಿಕಾರಿಗೆ, ಗಣಿ ಇಲಾಖೆಗೆ, ಕಾಡಾದರೆ ವಲಯ ಅರಣ್ಯಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ರಸ್ತೆಬದಿಯಲ್ಲೋ ಹೋಮ್‌ಸ್ಟೇಯಲ್ಲೋ ‘ಇಲ್ಲಿಯದೇ ಹರಳು’ ಎಂದು ತೋರಿಸಿದರೆ ಬಿಲ್ ಕೇಳಿ. ಬಿಲ್ಲಿಲ್ಲದ ಕಚ್ಚಾ ಹರಳು ಕದ್ದದ್ದೆಂದು ಗೊತ್ತಿದ್ದು ಕೊಂಡವರೂ ಅಪರಾಧಿಗಳೇ.

ಸಾಮಾನ್ಯ ಪ್ರಜೆ ಕಾನೂನುಬದ್ಧವಾಗಿ ರತ್ನ ಹುಡುಕುವ ದಾರಿ ಈ ದೇಶದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಮಧ್ಯಪ್ರದೇಶದ ಪನ್ನಾಕ್ಕೆ ಹೋಗಿ ನೋಡಿ. ಅಲ್ಲಿ ವಜ್ರ ಕಚೇರಿ ಎಂಬುದೇ ಇದೆ. ಅರ್ಜಿ ಕೊಟ್ಟು, 200 ರೂಪಾಯಿ ಕಟ್ಟಿದರೆ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಜಾಗಕ್ಕೆ ಒಂದು ವರ್ಷದ ಪಟ್ಟಾ ಸಿಗುತ್ತದೆ. ಪಟ್ಟಾದಾರರು ಮೇಲ್ಮಣ್ಣು ತೆಗೆದು ಕೆಳಗಿನ ಜಲ್ಲಿ ಪದರ ಮುಟ್ಟುತ್ತಾರೆ. ಅಲ್ಲಿಯವರು ಅದಕ್ಕೆ ಚಾಲ್ ಎನ್ನುತ್ತಾರೆ. ಅದನ್ನು ನೀರಿನ ಗುಂಡಿಯಲ್ಲಿ ತುಳಿದು ತೊಳೆದು, ಜರಡಿ ಹಿಡಿದು, ಸಪಾಟು ಮಾಡಿದ ನೆಲದ ಮೇಲೆ ಹರವಿ ಒಣಗಿಸಿ, ಕುಕ್ಕರಗಾಲಲ್ಲಿ ಕುಳಿತು ಕೈಯಿಂದಲೇ ಸರಿಸುತ್ತಾ ಆರಿಸುತ್ತಾರೆ. ವಜ್ರ ಸಿಕ್ಕರೆ ಕಚೇರಿಗೆ ಒಪ್ಪಿಸಬೇಕು. ಕಚೇರಿ ತೂಗಿ, ಹರಾಜು ಹಾಕಿ, ಶೇಕಡಾ 11.5ರಷ್ಟು ರಾಯಲ್ಟಿ ಮತ್ತು ತೆರಿಗೆ ಕಳೆದು ಉಳಿದ ಹಣವನ್ನು ಸಿಕ್ಕವರಿಗೆ ಕೊಡುತ್ತದೆ. ವಜ್ರ ಹುಡುಕುವ ಕೆಲಸವನ್ನು ಆಂಧ್ರದ ವಜ್ರಕರೂರು, ಜೊನ್ನಗಿರಿಗಳ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆಗೆ ನೂರಾರು ಜನ ಮಾಡುತ್ತಾರೆ. ಬಳ್ಳಾರಿ ಕಡೆಯಿಂದಲೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಆದರೆ ಅಲ್ಲಿ ಪಟ್ಟಾ ಇಲ್ಲ, ಹರಾಜಿಲ್ಲ. ಸಿಕ್ಕಿದ್ದನ್ನು ವ್ಯಾಪಾರಿ ಹೇಳಿದ ಬೆಲೆಗೆ ಗುಟ್ಟಾಗಿ ಕೊಟ್ಟು ಬರಬೇಕು. ಒಂದೇ ದೇಶ, ಒಂದೇ ವಜ್ರ. ಒಂದು ಕಡೆ ಬಡವನ ಕೈಯಲ್ಲಿ ರಸೀದಿ ಇದೆ, ಇನ್ನೊಂದು ಕಡೆ ಹೆದರಿಕೆ ಮಾತ್ರ ಇದೆ.

ಅಮೆರಿಕದಲ್ಲಿರುವ ನಮ್ಮವರು ಅರ್ಕನ್ಸಾಸಿನ ವಜ್ರದ ಪಾರ್ಕಿಗೆ ಟಿಕೆಟ್ ಕೊಟ್ಟು ಹೋಗಿ, ಸಿಕ್ಕಿದ್ದನ್ನು ಮನೆಗೇ ತರುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹವ್ಯಾಸಿಗಳಿಗೆಂದೇ ಪರವಾನಗಿ ಇದೆ. ನಮ್ಮ 1957ರ ಕಾಯ್ದೆಯಲ್ಲಿ ಹವ್ಯಾಸಿಗೆ ಜಾಗವೇ ಇಲ್ಲ. ಒಂದು ಹರಳು ಇಷ್ಟಪಟ್ಟ ವಿದ್ಯಾರ್ಥಿನಿಯೂ ಲಾರಿಗಟ್ಟಲೆ ಸಾಗಿಸುವವನೂ ಒಂದೇ ಕಲಮಿನ ಕೆಳಗೆ ಬರುತ್ತಾರೆ. ಇದು ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉಪಖನಿಜಗಳಿಗೆ ನಿಯಮ ಮಾಡುವ ಅಧಿಕಾರ 15ನೇ ಕಲಮಿನಲ್ಲಿ ರಾಜ್ಯಕ್ಕೇ ಇದೆ. ಕುರುಂದ, ಅಗೇಟ್, ಜಾಸ್ಪರ್ ಮೂರೂ ಅದರ ಕೈಯಲ್ಲೇ ಇವೆ. ಕಾಡನ್ನು ಮುಟ್ಟದೆ, ಕಂದಾಯ ಭೂಮಿಯ ಹಳೆಯ ಗಣಿಗಳ ಹೊರಗೆ ಸುರಿದ ತ್ಯಾಜ್ಯ ಕಲ್ಲಿನ ರಾಶಿಯನ್ನು ವರ್ಷಕ್ಕೊಮ್ಮೆ ಕಾಲೇಜುಗಳಿಗೆ, ಹವ್ಯಾಸಿಗಳಿಗೆ ಸಣ್ಣ ಶುಲ್ಕ ಪಡೆದು ತೆರೆಯುವ ನಿಯಮವೊಂದನ್ನು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಿಗೆ ಸೇರಿಸಲಿ. ಹಾಗೆ ಕೇಳಿ ಗಣಿ ಇಲಾಖೆಯ ನಿರ್ದೇಶಕರಿಗೆ, ನಿಮ್ಮ ಶಾಸಕರಿಗೆ ಮನವಿ ಬರೆಯುವುದಕ್ಕೆ ಯಾವ ಪರವಾನಗಿಯೂ ಬೇಕಿಲ್ಲ.